ಅಚ್ಚು ಹಾಕೋದು ಗೊತ್ತಿದ್ದೂ ಕೈಯಲ್ಲೇ ಯಾಕೆ ಬರೆದರು?

ಜಪಾನಿನ ಹಳೆಯ ಬೌದ್ಧ ಸೂತ್ರಗಳ ಕೈಬರಹದ ಫೋಟೋ ತೋರಿಸಿದಾಗೆಲ್ಲ ಕೇಳುತ್ತಾರೆ: "ಆಗಿನ್ನೂ ಅಚ್ಚು ಹಾಕೋದು ಬಂದಿರಲಿಲ್ವಾ?"

ಬಂದಿತ್ತು. 770ರ ಹೊತ್ತಿಗೇ ಸಾಮ್ರಾಜ್ಞಿ ಶೋತೊಕು ಮಂತ್ರಗಳನ್ನು ಅಚ್ಚು ಹಾಕಿಸಿ, ಮರದ ಪುಟಾಣಿ ಸ್ತೂಪಗಳ ಒಳಗಿಡಿಸಿ, ದೊಡ್ಡ ಬೌದ್ಧ ಮಠಗಳಿಗೆ ಹಂಚಿದ್ದಳು. ದಾಖಲೆಯ ಲೆಕ್ಕದಲ್ಲಿ ಹತ್ತು ಲಕ್ಷ ಸ್ತೂಪ! ಆದರೂ ಜನ ಕುಂಚ ಕೆಳಗಿಡಲಿಲ್ಲ. ಬರೆಯುವುದೇ ಪುಣ್ಯ ಅಂತ ಬೌದ್ಧರ ಪ್ರಮುಖ ಗ್ರಂಥವಾದ ಸದ್ಧರ್ಮಪುಂಡರೀಕ ಸೂತ್ರವೇ ಹೇಳುತ್ತದೆ. ರಾಮಕೋಟಿ ಬರೆಯುವ ಅಜ್ಜಿಗೆ "ಜೆರಾಕ್ಸ್ ಮಾಡಿಸಿಬಿಡಿ" ಅಂತ ಯಾರೂ ಹೇಳಲ್ಲ, ಅಲ್ವಾ?

ಓದಲಿಕ್ಕೆ ಅಂತ ಬರೆದಿದ್ದರೆ ಮಣ್ಣಲ್ಲಿ ಹೂಳುತ್ತಿರಲಿಲ್ಲ. 1007ರಲ್ಲಿ ಫುಜಿವಾರಾ ನೊ ಮಿಚಿನಾಗ ಎಂಬ ಮಹಾ ಬಲಿಷ್ಠ ಮಂತ್ರಿ, ತಾನೇ ಬರೆದ ಸೂತ್ರಗಳನ್ನು ಚಿನ್ನದ ಲೇಪದ ಕಂಚಿನ ಕೊಳವೆಯಲ್ಲಿಟ್ಟು, ಕಿನ್ಪು ಬೆಟ್ಟ ಹತ್ತಿ ಹೂತು ಬಂದ. 1052ಕ್ಕೆ ಧರ್ಮದ ಕೊನೆಗಾಲ ಶುರು ಅಂತ ಆಗಿನವರ ಲೆಕ್ಕ. ಮುಂದಿನ ಬುದ್ಧ ಅಂತ ಅವರು ನಂಬಿದ್ದ ಮೈತ್ರೇಯ ಬರುವುದು 567 ಕೋಟಿ ವರ್ಷದ ನಂತರ. ಅಲ್ಲಿಯವರೆಗೆ ಸೂತ್ರ ಉಳಿಯಬೇಕು. ಆದರೆ ಆ ಕೊಳವೆ 17ನೇ ಶತಮಾನದಲ್ಲೇ ಹೊರಗೆ ಬಂತು.

ಹಾಗಂತ ಎಲ್ಲವೂ ಬರೀ ಭಕ್ತಿ ಅಂದರೆ ನಾನು ಒಪ್ಪಲ್ಲ. 1164ರಲ್ಲಿ ತೈರಾ ಎಂಬ ಯೋಧ ಮನೆತನದ ಮುಖ್ಯಸ್ಥ ತೈರಾ ನೊ ಕಿಯೊಮೊರಿ ಇತ್ಸುಕುಶಿಮಾ ದೇಗುಲಕ್ಕೆ ಅರ್ಪಿಸಿದ ಸೂತ್ರದ ಸುರುಳಿಗಳನ್ನು ನೋಡಿ. ಒಟ್ಟು 33. ಮನೆತನದವರು ಅಧ್ಯಾಯಗಳನ್ನು ಹಂಚಿಕೊಂಡು ಮಾಡಿಸಿದ್ದು. ಕಾಗದದ ತುಂಬ ಚಿನ್ನ, ಬೆಳ್ಳಿಯ ತುಣುಕು. ದೇವರ ಜೊತೆ ಊರೂ ನೋಡಲಿ ಅನ್ನೋ ಆಸೆ ಇಲ್ಲದೆ ಇಷ್ಟು ಸಿಂಗಾರ ಯಾಕೆ?

ಚಿನ್ನದ ಅಕ್ಷರದ ಕೆಲಸವೇ ಬೇರೆ. ಕಾಗದಕ್ಕೆ ಕಪ್ಪಾಗುವಷ್ಟು ನೀಲಿ ಬಣ್ಣ ಹಾಕುತ್ತಾರೆ. ಚಿನ್ನದ ಪುಡಿಯನ್ನು ಪ್ರಾಣಿಯ ಚರ್ಮದಿಂದ ತೆಗೆದ ಅಂಟಿನಲ್ಲಿ ಕಲಸಿ ಬರೆಯುತ್ತಾರೆ. ಬರೆದ ತಕ್ಷಣ ಅದು ಮಂಕಾಗಿರುತ್ತದೆ. ಒಣಗಿದ ಮೇಲೆ ಕಾಡುಹಂದಿಯ ಕೋರೆಹಲ್ಲಿನಿಂದ ಮೆಲ್ಲಗೆ ಉಜ್ಜಬೇಕು. ಆಗ ಹೊಳಪು ಬರುತ್ತದೆ.

ಇನ್ನು ಪುಣ್ಯ ಯಾರಿಗೆ? ಕೂಲಿಗೆ ಬರೆಸಿದಾಗ ಮುಖ್ಯವಾಗಿ ಹಣ ಹಾಕಿ ಬರೆಸಿದವರಿಗೆ. ಆಗಿನ ರಾಜಧಾನಿ ನಾರಾದಲ್ಲಿ 8ನೇ ಶತಮಾನಕ್ಕೇ ಕೂಲಿ ಕೊಟ್ಟು ಸೂತ್ರ ನಕಲು ಮಾಡಿಸುವ ಸರಕಾರಿ ಕಚೇರಿ ಇತ್ತು. ಸಾಮಾನ್ಯವಾಗಿ ಸಾಲಿಗೆ 17 ಅಕ್ಷರ. ಅಕ್ಷರ ತಪ್ಪಿದರೆ, ಬಿಟ್ಟುಹೋದರೆ ಕೂಲಿ ಕಡಿತ. ಅಲ್ಲಿನ ಬರಹಗಾರರ ಒಂದು ಮನವಿಯ ಕರಡು ಇವತ್ತಿಗೂ ಉಳಿದಿದೆ. ಕೆಲಸದ ಬಟ್ಟೆ ನಾರುತ್ತಿದೆ, ಬೇರೆ ಕೊಡಿ. ಊಟ ಸುಧಾರಿಸಿ. ತಿಂಗಳಿಗೆ ಐದು ದಿನ ರಜೆ ಬೇಕು. ಕೂತು ಕೂತು ಎದೆ ನೋವು, ಕಾಲು ಜೋಮು, ಮೂರು ದಿನಕ್ಕೊಮ್ಮೆ ಔಷಧಿಗೆ ಅಂತ ಸ್ವಲ್ಪ ಹೆಂಡವನ್ನೂ ಕೊಡಿ.