ಬಳೆ ದೋಸೆಯಿಂದ ಬಿಡುಗಡೆ: ಬೆಣ್ಣೆ ದೋಸೆ, ಹನ್ನೊಂದನೆಯ ಭಾನುವಾರ

ದಾವಣಗೆರೆಯ ಬೆಣ್ಣೆ ದೋಸೆಯನ್ನು ಮನೆಯಲ್ಲೇ ಹದಕ್ಕೆ ತರಲು ಭಾನುವಾರಕ್ಕೊಮ್ಮೆ ಪ್ರಯತ್ನಿಸುತ್ತಾ ಬಂದಿದ್ದೇನೆ. ಇವತ್ತು ಮಧ್ಯಾಹ್ನ ತಾರಸಿಯ ಮೇಲೆ, ಕೆಂಡದ ಝಳಕ್ಕೆ ಮುಖ ಒಡ್ಡಿಕೊಂಡು ನಿಂತಿದ್ದಾಗ, ಅಂಚಿನಿಂದ ನಡುವಿನವರೆಗೂ ಒಂದೇ ಬಣ್ಣದ ಬೆಣ್ಣೆ ದೋಸೆ ಮೊದಲ ಸಲ ನನ್ನ ಕಾವಲಿಯಿಂದ ಎದ್ದಿತು. ಅಪ್ಪ ಅದನ್ನು ಬಿಸಿಲಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ಒಂದು ಮಾತೂ ಆಡದೆ ಮುರಿದು ಬಾಯಿಗಿಟ್ಟರು. ಎರಡನೆಯ ತುತ್ತಿಗೆ ಮಾತ್ರ, "ಹತ್ತಿ ಬಂತು" ಎಂದರು. ಹೊರಗೆ ಗರಿ, ಒಳಗೆ ಹತ್ತಿ. ದಾವಣಗೆರೆಯವರಾದ ಅಪ್ಪ ದೋಸೆಗೆ ಇಟ್ಟಿರುವ ಪರೀಕ್ಷೆ ಅದೊಂದೇ. ಹತ್ತಿ ಗಿರಣಿಗಳ ಊರಿನವರು ಬೇರೆ ಯಾವ ಹೋಲಿಕೆ ಕೊಟ್ಟಾರು?

ಹಿಟ್ಟಿನ ಬಗ್ಗೆ ಈ ಸಲ ಹೆಚ್ಚು ಬರೆಯುವುದಿಲ್ಲ. ಮೂರು ಲೋಟ ದೋಸೆ ಅಕ್ಕಿ, ಅರ್ಧ ಲೋಟ ಉದ್ದಿನ ಬೇಳೆ, ಒಂದು ಲೋಟ ಮಂಡಕ್ಕಿ, ಅರ್ಧ ಚಮಚ ಮೆಂತ್ಯ. ಐದನೆಯ ಭಾನುವಾರವೇ ಇದು ಕುದುರಿತು, ಆಮೇಲೆ ನಾನು ಮುಟ್ಟಿಲ್ಲ. ಮಂಡಕ್ಕಿ ಬಿಟ್ಟು ಮಾಡಿ ನೋಡಿದವರಿಗೆ ಅದರ ಬೆಲೆ ಗೊತ್ತಿರುತ್ತದೆ: ಅದು ಆಗಲೇ ಬೆಂದು ಅರಳಿದ ಅಕ್ಕಿ, ಹಾಗಾಗಿ ನೀರನ್ನು ಹಿಡಿದಿಟ್ಟುಕೊಂಡು ದೋಸೆಯ ಒಳಭಾಗವನ್ನು ಮೆತ್ತಗಿಡುತ್ತದೆ. ಚಟ್ನಿ, ಅರಿಶಿನ ಹಾಕದ ಬಿಳಿ ಆಲೂ ಪಲ್ಯ ಎರಡೂ ಅತ್ತೆಯವರ ಖಾತೆ. ಅಲ್ಲಿ ನನಗೆ ಪ್ರವೇಶವಿಲ್ಲ, ಬೇಕಾಗಿಯೂ ಇಲ್ಲ.

ನನ್ನನ್ನು ಆರು ವಾರ ಸತಾಯಿಸಿದ್ದು ಬಳೆ. ಹೆಸರಿಟ್ಟವಳು ಮಗಳು. ಆರನೆಯ ಭಾನುವಾರ ತಟ್ಟೆಗೆ ಬಿದ್ದ ದೋಸೆಯನ್ನು ನೋಡಿ, "ಅಮ್ಮಾ, ಇದು ಬಳೆ ತೊಟ್ಟುಕೊಂಡಿದೆ" ಎಂದಳು. ನಿಜವಾಗಿ ಹಾಗೆಯೇ ಇತ್ತು. ಸುತ್ತ ಎರಡು ಬೆರಳು ಅಗಲದ ಕಂದು ಉಂಗುರ, ನಡುವೆ ರೂಪಾಯಿ ನಾಣ್ಯಕ್ಕಿಂತ ಮೂರು ಪಟ್ಟು ದೊಡ್ಡದಾದ ಬಿಳುಚು ಮಚ್ಚೆ. ನಡುಭಾಗ ಬಣ್ಣ ಬರಲಿ ಎಂದು ಕಾದರೆ ಬಳೆ ಸೀದು ಹೋಗುತ್ತಿತ್ತು. ಬಳೆ ಉಳಿಯಲಿ ಎಂದು ಎತ್ತಿದರೆ ನಡುಭಾಗ ಕಾವಲಿಗೆ ಅಂಟಿಕೊಂಡು ಸಟ್ಟುಗದ ಜೊತೆ ಕುಸ್ತಿಗೆ ಇಳಿಯುತ್ತಿತ್ತು.

ಮೊದಲು ಹಿಟ್ಟನ್ನು ಅನುಮಾನಿಸಿದೆ. ಒಂದು ಚಮಚ ಸಕ್ಕರೆ ಬೆರೆಸಿದೆ. ಬಳೆ ಇನ್ನೂ ಬೇಗ ಕಪ್ಪಾಯಿತು, ಮಚ್ಚೆ ಇದ್ದಂತೆಯೇ ಇತ್ತು. ಆಮೇಲೆ ಬೆಣ್ಣೆಯ ಸರದಿ. ಇಲ್ಲಿ ಒಂದು ದೂರು ಹೇಳಿಬಿಡುತ್ತೇನೆ. ನಮ್ಮ ಬಡಾವಣೆಯ ಅಂಗಡಿಗಳಲ್ಲಿ ಬೆಣ್ಣೆ ಕೇಳಿದರೆ ಉಪ್ಪು ಬೆರೆಸಿದ ಹಳದಿ ಇಟ್ಟಿಗೆಯನ್ನೇ ಕೈಗಿಡುತ್ತಾರೆ. ಬೆಣ್ಣೆ ದೋಸೆಗೆ ಬೇಕಾದದ್ದು ಉಪ್ಪಿಲ್ಲದ ಬಿಳಿ ಬೆಣ್ಣೆ. ಡೈರಿಯವರೊಬ್ಬರು ತಂದುಕೊಡುತ್ತೇನೆಂದು ಮೂರು ವಾರ ಭರವಸೆ ಕೊಟ್ಟು, ನಾಲ್ಕನೆಯ ವಾರ ತಂದ ಬೆಣ್ಣೆಯಲ್ಲಿ ಮಜ್ಜಿಗೆಯೇ ಅರ್ಧ ಇತ್ತು. ಕಾವಲಿಗೆ ಬಿದ್ದೊಡನೆ ಅದು ಸಿಡಿದ ಪರಿಗೆ ಮಗಳು ಅಡುಗೆಮನೆ ಬಿಟ್ಟು ಓಡಿದಳು. ಕೊನೆಗೆ ಅತ್ತೆಯವರೇ ವಾರವಿಡೀ ಕೆನೆ ಕೂಡಿಟ್ಟು ಕಡೆದು, ತಣ್ಣೀರಿನಲ್ಲಿ ನಾಲ್ಕು ಸಲ ತೊಳೆದು ಕೊಟ್ಟರು. ಹೊಸಬರಿಗೆ ಒಂದು ಮಾತು: ಬೆಣ್ಣೆಯನ್ನು ಬರಿಯ ಕಾವಲಿಗೆ ಹಾಕಬೇಡಿ. ಅದರಲ್ಲಿರುವ ಹಾಲಿನ ಅಂಶ ಸೀದು ದೋಸೆಯ ತಳಕ್ಕೆ ಕರಿ ಚುಕ್ಕಿಗಳಾಗಿ ಹತ್ತುತ್ತದೆ. ಹಿಟ್ಟು ಹೊಯ್ದು, ಮೇಲೆ ಕಣ್ಣು ಮೂಡಿದ ನಂತರ ಸುತ್ತಲೂ ಮೇಲೂ ಹಾಕಿದರೆ ಅದೇ ಹಾಲಿನ ಅಂಶ ಹದವಾಗಿ ಕೆಂಪಾಗಿ ಆ ಪರಿಮಳ ಕೊಡುತ್ತದೆ. ಪರಿಮಳವೇನೋ ಬಂತು. ಬಳೆ ಹೋಗಲಿಲ್ಲ.

ಮೂರನೆಯ ಆರೋಪಿ ಕಾವಲಿ. ತೆಳು ತಗಡಿನದನ್ನು ಬಿಟ್ಟು, ದಪ್ಪನೆಯ ಬೀಡಿನ ಕಾವಲಿಯೊಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. "ಪಳಗಿಸಿಯೇ ಕಳಿಸುತ್ತೇವೆ" ಎಂದು ಬರೆದುಕೊಂಡಿದ್ದರು. ಬಂದದ್ದು ಅಂಟು ಅಂಟಾದ, ಉಗುರಿನಿಂದ ಕೆರೆದರೆ ಸಿಪ್ಪೆಯಾಗಿ ಏಳುವ ಎಣ್ಣೆಯ ಲೇಪ. ಹಣ ಹಿಂದಿರುಗಿಸಿ ಎಂದರೆ, "ಬಳಸಿದ ವಸ್ತುವನ್ನು ಹಿಂದಕ್ಕೆ ಪಡೆಯುವುದಿಲ್ಲ" ಎಂಬ ಉತ್ತರ. ಬಳಸದೆ ಲೇಪ ಏಳುತ್ತದೆಂದು ತಿಳಿಯುವುದಾದರೂ ಹೇಗೆ? ನನಗೆ ಇವತ್ತಿಗೂ ಆ ಸಿಟ್ಟು ಇಳಿದಿಲ್ಲ. ಕೊನೆಗೆ ಪೂರ್ತಿ ಉಜ್ಜಿ ತೆಗೆದು ಲೋಹ ಹೊಳೆಯುವಂತೆ ಮಾಡಿದೆ.

ಆ ಹೊಳಪೇ ಮುಂದಿನ ಫಜೀತಿಗೆ ಕಾರಣವಾಯಿತು. ತಮ್ಮ ತನ್ನ ಕಾರ್ಖಾನೆಯಿಂದ, ದೂರದಿಂದಲೇ ಶಾಖ ಅಳೆಯುವ ಪಿಸ್ತೂಲಿನಂಥ ಉಷ್ಣಮಾಪಕ ತಂದಿದ್ದ. ಉಜ್ಜಿದ ಕಾವಲಿಗೆ ಗುರಿ ಹಿಡಿದರೆ 130 ಡಿಗ್ರಿ ತೋರಿಸಿತು. ಅದೇ ಹೊತ್ತಿಗೆ ನಾನು ಚಿಮುಕಿಸಿದ ನೀರು ಮುತ್ತು ಮುತ್ತಾಗಿ ಕಾವಲಿಯ ಮೇಲೆ ಓಡಾಡುತ್ತಿತ್ತು.

"ಅಕ್ಕ, ಯಂತ್ರ ಸುಳ್ಳು ಹೇಳುವುದಿಲ್ಲ" ಎಂದ ತಮ್ಮ.

"ಹಾಗಾದರೆ ನೀರು ಹೇಳುತ್ತದೆಯೇನಪ್ಪ?" ಎಂದರು ಅಪ್ಪ.

ನೀರಿನ ಮಾತೇ ನಿಜ. ಹನಿ ಹಾಗೆ ಓಡಾಡಬೇಕಾದರೆ ಲೋಹ ನೂರರ ಆಸುಪಾಸಿನಲ್ಲಿರಲು ಸಾಧ್ಯವಿಲ್ಲ. ಹನಿಯ ಕೆಳಗೆ ಆವಿಯ ಪದರ ಹುಟ್ಟುವಷ್ಟು, ಸುಮಾರು ಇನ್ನೂರರ ಹತ್ತಿರದ ಶಾಖ ಬೇಕು. ಆ ಬಗೆಯ ಮಾಪಕ ಅಳೆಯುವುದು ವಸ್ತು ಹೊರಸೂಸುವ ಅವಕೆಂಪು ಕಿರಣಗಳನ್ನು. ಹೊಳೆಯುವ ಲೋಹ ಅವನ್ನು ಬಹಳ ಕಡಿಮೆ ಸೂಸುತ್ತದೆ, ಬದಲಿಗೆ ಸುತ್ತಲಿನ ತಣ್ಣನೆಯ ಗೋಡೆಯನ್ನೇ ಪ್ರತಿಫಲಿಸುತ್ತದೆ. ನಾವು ಅಳೆದದ್ದರಲ್ಲಿ ಅರ್ಧ ಅಡುಗೆಮನೆಯ ಗೋಡೆ ಸೇರಿತ್ತು. ಎಣ್ಣೆ ಸವರಿ ಆರೇಳು ಸಲ ಕಾಯಿಸಿ ಕಾವಲಿ ಕಪ್ಪಗೆ ಪಳಗಿದ ಮೇಲೆ ಮಾಪಕಕ್ಕೂ ನೀರಿಗೂ ರಾಜಿಯಾಯಿತು. ಆಗ ಬಂದ ಅಂಕಿ ನೋಡಿ: ಉಂಗುರದ ಜಾಗದಲ್ಲಿ 245, ನಟ್ಟನಡುವೆ 170. ಬಳೆಯ ಜಾತಕ ಸಿಕ್ಕಿತು. ಗ್ಯಾಸ್ ಬರ್ನರಿನ ಜ್ವಾಲೆ ವೃತ್ತಾಕಾರದಲ್ಲಿ ಹೊರಕ್ಕೆ ಚಾಚುತ್ತದೆ, ನಡುವೆ ಬೆಂಕಿಯೇ ಇಲ್ಲ. ದಪ್ಪ ಬೀಡು ಶಾಖವನ್ನು ತಾನೇ ಸಮನಾಗಿ ಹರಡುತ್ತದೆಂದು ನಾನು ನಂಬಿದ್ದೆ. ಅದು ತಪ್ಪು ನಂಬಿಕೆ. ಬೀಡು ಶಾಖವನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಹರಡುವುದರಲ್ಲಿ ಅಲ್ಯೂಮಿನಿಯಂನ ಕಾಲುಭಾಗಕ್ಕೂ ಬರುವುದಿಲ್ಲ.

ಕಾರಣ ಗೊತ್ತಾದರೂ ಉಪಾಯ ಗೊತ್ತಾಗಲಿಲ್ಲ. ಉಪಾಯ ಇವತ್ತು ತಾನಾಗಿ ಬಂತು: ಎರಡನೆಯ ದೋಸೆಗೆ ಸಿಲಿಂಡರ್ ಮುಗಿಯಿತು. ಬದಲಿ ಸಿಲಿಂಡರ್ ಇಲ್ಲ, ಪಾತ್ರೆಯ ತುಂಬ ಹಿಟ್ಟು ಉಬ್ಬಿ ನಿಂತಿದೆ, ಆರು ಜನ ತಟ್ಟೆ ಹಿಡಿದಿದ್ದಾರೆ. ಅತ್ತೆಯವರು ಅಟ್ಟದಿಂದ ಹಳೆಯ ಇದ್ದಿಲು ಒಲೆ ಇಳಿಸಿದರು. ನಮ್ಮ ರಸ್ತೆಯ ತಿರುವಿನಲ್ಲಿ ಇಸ್ತ್ರಿ ಮಾಡುವವರು ಎರಡು ಕಿಲೋ ಇದ್ದಿಲು ಕೊಟ್ಟು, ಹಣ ಬೇಡವೆಂದರು. ಅವರ ಪಾಲಿನ ನಾಲ್ಕು ದೋಸೆಗಳನ್ನು ಸಂಜೆ ಮಗಳು ಮುಟ್ಟಿಸಿ ಬಂದಳು. ತಾರಸಿಯಲ್ಲಿ ಅಪ್ಪ ಬೀಸಣಿಗೆ ಹಿಡಿದು ಕೂತರು. ಇದ್ದಿಲು ಪೂರ್ತಿ ಕೆಂಡವಾಗಿ ಮೇಲೆ ಬೂದಿ ಕಟ್ಟುವವರೆಗೂ ಕಾದು, ಕೆಂಡವನ್ನು ಅಗಲವಾಗಿ ಹರಡಿ ಕಾವಲಿ ಇಟ್ಟೆ. ತಮ್ಮ ಒಂಬತ್ತು ಕಡೆ ಅಳೆದ. ಎಲ್ಲ ಕಡೆಯೂ 205ರಿಂದ 220ರ ಒಳಗೆ.

ನೀರು ಚಿಮುಕಿಸಿ, ಈರುಳ್ಳಿ ಹೋಳಿನಿಂದ ಉಜ್ಜಿ, ಒಂದೂವರೆ ಸೌಟು ಹಿಟ್ಟು ಹೊಯ್ದೆ. ಮುಂದಿನದನ್ನು ಮೊದಲೇ ಹೇಳಿದ್ದೇನೆ.

ದಾವಣಗೆರೆಗೆ ಹೋದಾಗಲೆಲ್ಲ ನಾವು ಹೋಟೆಲಿನ ಒಲೆಯ ಮುಂದೆ ನಿಂತು ನೋಡುವುದುಂಟು. "ಎರಡು ಬೆಣ್ಣೆ ಖಾಲಿ, ಒಂದು ಓಪನ್" ಎಂದು ಕೂಗು ಬೀಳುತ್ತಿದ್ದಂತೆ ದೋಸೆ ಹಾಕುವವರ ಕೈ ಓಡುವುದನ್ನು ನೋಡುತ್ತಾ ನಮ್ಮ ಆರ್ಡರ್ ಬಂದದ್ದೇ ತಿಳಿಯುವುದಿಲ್ಲ. ಅಗಲ ಕಾವಲಿ, ಕೆಳಗೆ ಉದ್ದಕ್ಕೂ ಸೌದೆಯ ಉರಿ. ಆ ರುಚಿಗೆ ಹೊಗೆಯ ವಾಸನೆಯೇ ಕಾರಣ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ಇವತ್ತಿನ ಕೆಂಡದಲ್ಲಿ ಹೊಗೆಯೇ ಇರಲಿಲ್ಲ. ಆದರೂ ಆ ಗರಿ, ಆ ಬಣ್ಣ ಬಂದವು. ಹಾಗಾಗಿ ನನ್ನ ಅಭಿಪ್ರಾಯ ಬದಲಾಗಿದೆ: ಸೌದೆಯ ಒಲೆ ಕೊಡುವ ದೊಡ್ಡ ವರ ಹೊಗೆಯಲ್ಲ, ಕಾವಲಿಯ ತಳವನ್ನೆಲ್ಲ ತಬ್ಬುವ ಬೆಂಕಿ.

ಸಂಜೆ ಪಕ್ಕದ ಮನೆಯವರ ಸಿಲಿಂಡರ್ ಕಡ ತಂದು ಗ್ಯಾಸಿನ ಮೇಲೆ ಮತ್ತೆ ಕೂತೆ. ತಣ್ಣನೆಯ ಕಾವಲಿಗೆ ಗೋಧಿ ಹಿಟ್ಟನ್ನು ತೆಳುವಾಗಿ ಉದುರಿಸಿ ಒಲೆ ಹಚ್ಚಿದರೆ ಶಾಖದ ನಕ್ಷೆ ತಾನೇ ಮೂಡುತ್ತದೆ. ಉಷ್ಣಮಾಪಕ ಇಲ್ಲದವರು ಇದನ್ನೇ ಮಾಡಿ. ದೊಡ್ಡ ಉರಿಯಲ್ಲಿ ಉದ್ದಿನ ವಡೆಯ ಆಕಾರ ಬಂತು. ಉರಿಯನ್ನು ತೀರ ಸಣ್ಣಗೆ ಇಟ್ಟು ಹದಿನೈದು ನಿಮಿಷ ಕಾಯಿಸಿ, ಮೂರು ನಿಮಿಷಕ್ಕೊಮ್ಮೆ ಕಾವಲಿಯನ್ನು ಪಕ್ಕಕ್ಕೆ ಸರಿಸುತ್ತಾ ಬಂದಾಗ ತೂತು ಬಹುತೇಕ ಮುಚ್ಚಿತು. ಮೊದಲ ಮೂರು ದೋಸೆ ಚೆನ್ನಾಗಿ ಬಂದವು. ನಾಲ್ಕನೆಯದಕ್ಕೆ ಮತ್ತೆ ಬಳೆಯ ನೆರಳು. ಮೂರು ದೋಸೆಗೊಮ್ಮೆ ಎರಡು ನಿಮಿಷ ಕಾವಲಿಗೆ ಬಿಡುವು ಕೊಟ್ಟರೆ ನಡೆಯುತ್ತದೆ, ಆದರೆ ಹಸಿದ ಮನೆಯಲ್ಲಿ ಆ ಎರಡು ನಿಮಿಷ ಬಹಳ ಉದ್ದ.

ಆದ್ದರಿಂದ ಮುಂದಿನ ಯೋಜನೆ: ಎರಡು ಬರ್ನರಿನ ಮೇಲೆ ಅಡ್ಡ ಕೂರುವ ಉಕ್ಕಿನ ಕಾವಲಿ. 45 ಸೆಂಟಿಮೀಟರ್ ಉದ್ದ, 30 ಅಗಲ, 8 ಮಿಲಿಮೀಟರ್ ದಪ್ಪ, ತೂಕ ಎಂಟೂವರೆ ಕಿಲೋ. ವೆಲ್ಡಿಂಗ್ ಅಂಗಡಿಗೆ ಹೇಳಿ ಹದಿನೈದು ದಿನವಾಯಿತು. ಮೊದಲ ಸಲ ಕೊಟ್ಟದ್ದು 6 ಮಿಲಿಮೀಟರಿನದು, ಅದೂ ಗ್ಯಾಸ್ ಕಟ್ಟರಿನ ಶಾಖಕ್ಕೆ ಸೊಟ್ಟಗಾಗಿ ಮೇಜಿನ ಮೇಲೆ ಇಟ್ಟರೆ ತೊಟ್ಟಿಲಿನಂತೆ ತೂಗುತ್ತಿತ್ತು. ಅಳತೆ ಬರೆದ ಚೀಟಿ ಕಳೆದುಹೋಗಿತ್ತಂತೆ. ಈ ಸಲ ಅಳತೆಯನ್ನು ಅವರ ಗೋಡೆಯ ಮೇಲೆಯೇ ಸೀಮೆಸುಣ್ಣದಲ್ಲಿ ಬರೆದು ಬಂದಿದ್ದೇನೆ. ಯಂತ್ರದ ಗರಗಸದಲ್ಲೇ ಕತ್ತರಿಸುತ್ತೇವೆಂದು ಮಾತು ಕೊಟ್ಟಿದ್ದಾರೆ.

ಅದು ಬರುವ ಮೊದಲು ಮಗಳಿಗೆ ಪಡ್ಡು ಬೇಕಂತೆ. ಅಪ್ಪನ ಮನೆಯಲ್ಲಿ ಅಜ್ಜಿಯ ಕಾಲದ ಏಳು ಗುಳಿಯ ಪಡ್ಡಿನ ಹಂಚು ಇದೆ, ಅದಕ್ಕೆ ಈ ಹಿಟ್ಟನ್ನೇ ತುಸು ಗಟ್ಟಿ ಮಾಡಿದರೆ ಸಾಕು. ಆದರೆ ಅದರ ನಡುವಿನ ಗುಳಿಯ ಪಡ್ಡು ಸದಾ ಬಿಳುಚಾಗಿಯೇ ಬರುತ್ತಿತ್ತೆಂದು ಅಪ್ಪ ಇವತ್ತು ಊಟದ ನಡುವೆ ನೆನಪಿಸಿಕೊಂಡರು. ಅಜ್ಜಿ ಅದನ್ನು ಯಾವಾಗಲೂ ತಾವೇ ತಿನ್ನುತ್ತಿದ್ದರಂತೆ. ಉಳಿದ ಅರ್ಧ ಚೀಲ ಇದ್ದಿಲನ್ನು ತಾರಸಿಯ ಮೂಲೆಯಲ್ಲಿ ಮಳೆ ತಾಗದಂತೆ ಮುಚ್ಚಿಟ್ಟಿದ್ದೇನೆ. ಶನಿವಾರ ರಾತ್ರಿ ಹಿಟ್ಟು ರುಬ್ಬಬೇಕು.