ಸೋಮನಾಥಪುರ ಆಲ್ಬಂ: ವಿನ್ಯೆಟ್ ಕೆಲಸ ಎಲ್ಲಿಗೆ ಬಂತು

ಸೋಮನಾಥಪುರದ ಕೇಶವ ದೇವಸ್ಥಾನದ ಫೋಟೋಗಳಲ್ಲಿ ಬಣ್ಣ ಸರಿಮಾಡುವ ಕೆಲಸ ಮುಗಿಯಿತು. ಈಗ ವಿನ್ಯೆಟ್ ಸರದಿ. ಅಂಚುಗಳನ್ನು ಮೆಲ್ಲಗೆ ಕಪ್ಪಾಗಿಸಿ ನೋಡುವವರ ಕಣ್ಣನ್ನು ಶಿಲ್ಪದ ಮೇಲೆ ನಿಲ್ಲಿಸುವುದು, ಅಷ್ಟೇ. ಫೋಟೋ ತಿದ್ದುವ ಸಾಫ್ಟ್‌ವೇರ್ ಗಿಂಪ್ 3.0 ಬಳಸುತ್ತಿದ್ದೇನೆ. 2025ರ ಮಾರ್ಚ್‌ನಲ್ಲಿ ಬಂದ ಈ ಆವೃತ್ತಿಯಲ್ಲಿ ಹಾಕಿದ ಫಿಲ್ಟರ್ ಲೇಯರ್ (ಫೋಟೋದ ಪದರ) ಜೊತೆಯಲ್ಲೇ ಉಳಿಯುತ್ತದೆ, ಯಾವಾಗ ಬೇಕಾದರೂ ತೆರೆದು ಬದಲಾಯಿಸಬಹುದು. ಇಂಥ ಕೆಲಸಕ್ಕೆ ಇದು ದೊಡ್ಡ ಅನುಕೂಲ.

ಮೊದಲು ಲೆನ್ಸ್‌ನದೇ ಕಪ್ಪನ್ನು ತೆಗೆಯಬೇಕು. ಒಳಗೆ ಬೆಳಕು ಕಡಿಮೆ, ಹಾಗಾಗಿ ಲೆನ್ಸ್‌ನ ಕಿಂಡಿ ಅಗಲವಾಗಿ ತೆರೆದು ಎಫ್ 1.8ರಲ್ಲೇ ತೆಗೆದಿದ್ದೆ, ಮೂಲೆಗಳು ತಾವಾಗಿಯೇ ಮಬ್ಬಾಗಿದ್ದವು. ಡಾರ್ಕ್‌ಟೇಬಲ್ ಅನ್ನುವ ಇನ್ನೊಂದು ಫೋಟೋ ಸಾಫ್ಟ್‌ವೇರ್‌ನ ಲೆನ್ಸ್ ಕರೆಕ್ಷನ್‌ನಲ್ಲಿ ಅದನ್ನು ಸರಿಮಾಡಿ, 16 ಬಿಟ್ ಟಿಫ್ (ಬಣ್ಣದ ಹಂತಗಳು ಹೆಚ್ಚಿರುವ ಫೈಲ್) ಮಾಡಿ ಗಿಂಪ್‌ಗೆ ತಂದೆ. ಕಪ್ಪಿನ ಮೇಲೆ ಕಪ್ಪು ಬಿದ್ದರೆ ಎಷ್ಟು ನಮ್ಮದು ಎಷ್ಟು ಲೆನ್ಸ್‌ದು ಅಂತ ಗೊತ್ತಾಗುವುದಿಲ್ಲ.

ಆಮೇಲೆ ಗಿಂಪ್ ಮೆನುವಿನಲ್ಲಿ ಫಿಲ್ಟರ್ಸ್, ಲೈಟ್ ಅಂಡ್ ಶ್ಯಾಡೋ, ವಿನ್ಯೆಟ್. ರೇಡಿಯಸ್ (ವಿನ್ಯೆಟ್ ಎಷ್ಟು ಅಗಲ) 1.2, ಸಾಫ್ಟ್‌ನೆಸ್ (ಅದರ ಅಂಚು ಎಷ್ಟು ಮೆತ್ತಗೆ) 0.8 ಅಂತ ಮೊದಲೇ ಇರುತ್ತದೆ. ನಾನು ರೇಡಿಯಸ್ ಇನ್ನೂ ಹೆಚ್ಚಿಸಿ, ಸಾಫ್ಟ್‌ನೆಸ್ ಪೂರ್ತಿ 1ರ ಹತ್ತಿರ ಇಡುತ್ತೇನೆ. ಬಣ್ಣ ಮಾತ್ರ ಕಪ್ಪು ಬೇಡ. ಅದೇ ಫೋಟೋದ ನೆರಳಿನಿಂದ ಒಂದು ಗಾಢ ಬಣ್ಣ ಆರಿಸಿಕೊಂಡರೆ, ಆ ಹಸಿರು ಬೂದು ಬಳಪದ ಕಲ್ಲಿಗೆ ಅದು ಎಷ್ಟು ಚೆನ್ನಾಗಿ ಹೊಂದುತ್ತದೆ ಗೊತ್ತಾ, ವಿನ್ಯೆಟ್ ಹಾಕಿದ್ದಾರೆ ಅಂತಲೇ ಅನಿಸುವುದಿಲ್ಲ.

ಒಳಗಿನ ಭುವನೇಶ್ವರಿಗಳು, ಅಂದರೆ ಕೆತ್ತನೆಯ ಚಾವಣಿಗಳು, ಬೇಗ ಆದವು. ನಡುವೆ ಬಾಳೆಮೊಗ್ಗು ಇಳಿದಿರುತ್ತದೆ, ಸುತ್ತ ವೃತ್ತಗಳು. ದುಂಡನೆಯ ವಿನ್ಯೆಟ್ ಅಲ್ಲಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ.

ಹೊರಗೋಡೆಯ ದೇವತೆಗಳ ಮೂರ್ತಿಗಳದ್ದೇ ನಿಜವಾದ ಕೆಲಸ. 1258ರ ಸುಮಾರಿಗೆ ಕಟ್ಟಿದ ಈ ಗುಡಿಯಲ್ಲಿ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ, ಮಲ್ಲಿತಮ್ಮ, ಚೌಡೆಯ, ಹೀಗೆ. ಕೆತ್ತಿರುವುದು ಮೂರ್ತಿಯ ಪೀಠದಲ್ಲಿ. ವಿನ್ಯೆಟ್ ಮೊದಲು ನುಂಗುವುದೇ ಫೋಟೋದ ಆ ಕೆಳಗಿನ ಅಂಚನ್ನು! ಮುಖ ಎದ್ದು ಕಾಣಲಿ ಅಂತ ಕೆತ್ತಿದವನ ಹೆಸರನ್ನೇ ಕತ್ತಲಿಗೆ ಹಾಕುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಹಾಗಾಗಿ ಲೇಯರ್‌ನ ನಕಲು ಮಾಡಿ, ವಿನ್ಯೆಟ್ ಅನ್ನು ಮೇಲಿನ ನಕಲಿಗೆ ಮಾತ್ರ ಹಾಕಿ, ಅದಕ್ಕೊಂದು ಬಿಳಿ ಲೇಯರ್ ಮಾಸ್ಕ್ (ಕಪ್ಪು ಸವರಿದ ಕಡೆ ಆ ಲೇಯರ್ ಮರೆಮಾಡುವ ಹೊದಿಕೆ) ಕೊಟ್ಟು, ಪೀಠ ಇರುವ ಕಡೆ ಮೆತ್ತನೆಯ ಬ್ರಷ್‌ನಿಂದ ಕಪ್ಪು ಸವರುತ್ತೇನೆ. ಅಷ್ಟು ಜಾಗದಲ್ಲಿ ಕೆಳಗಿನ ಮೂಲ ಫೋಟೋ ಹಾಗೇ ಕಾಣುತ್ತದೆ, ಅಕ್ಷರ ಓದಬಹುದು. ವಿನ್ಯೆಟ್‌ನ ನಡುವನ್ನೂ ಫೋಟೋದ ಮಧ್ಯದಲ್ಲಿ ಬಿಡದೆ ಮೂರ್ತಿಯ ಮುಖದ ಕಡೆ ಸರಿಸುತ್ತೇನೆ, ಬೆಳಕು ಬಂದ ಕಡೆಗೆ ಸ್ವಲ್ಪ ಜಾಸ್ತಿ.

ಕೆಳಗಿನ ಆನೆಗಳ ಸಾಲು, ಕುದುರೆ ಸವಾರರ ಸಾಲು, ಇವಕ್ಕೆ ವಿನ್ಯೆಟ್ ಬೇಡ ಅಂತ ತೀರ್ಮಾನಿಸಿದೆ. ಆ ಮೆರವಣಿಗೆ ಗೋಡೆ ಸುತ್ತ ಸಾಗುತ್ತಲೇ ಇರುತ್ತದೆ, ಎರಡೂ ತುದಿ ಕಪ್ಪಾದರೆ ನಿಂತುಬಿಟ್ಟ ಹಾಗೆ ಕಾಣುತ್ತದೆ ಅಲ್ವಾ?

ಇನ್ನು ಬಾಕಿ ಇರುವುದು ಆಕಾಶ ಕಾಣುವ ಫೋಟೋಗಳು. ಕಲ್ಲಿನಲ್ಲಿ ಒರಟುತನ ಇದೆ, ಕಪ್ಪು ಬೆರೆತುಹೋಗುತ್ತದೆ. ನುಣುಪಾದ ನೀಲಿಯಲ್ಲಿ 8 ಬಿಟ್ ಜೆಪೆಗ್ ಮಾಡಿದಾಗ ಬಣ್ಣದ ಹಂತಗಳು ಕಡಿಮೆಯಾಗಿ ಪಟ್ಟೆ ಪಟ್ಟೆ ಬೀಳುತ್ತದೆ. ಅವಕ್ಕೆ ಸ್ವಲ್ಪ ನಾಯ್ಸ್ (ಸಣ್ಣ ಸಣ್ಣ ಚುಕ್ಕೆಗಳು) ಸೇರಿಸಿ ನೋಡಬೇಕು, ಆಗಲೂ ಪಟ್ಟೆ ಕಂಡರೆ ಆಕಾಶಕ್ಕೆ ವಿನ್ಯೆಟ್ ಹಾಕುವುದಿಲ್ಲ.