ಗೊತ್ತಿರುವ ಮೂರರಿಂದ ನಾಲ್ಕನೆಯದು

ಮೂರು ಸಂಖ್ಯೆಗಳು ಗೊತ್ತಿದ್ದು ನಾಲ್ಕನೆಯದನ್ನು ಕಂಡುಹಿಡಿಯಬೇಕಾದ ಲೆಕ್ಕವನ್ನು ಇಂದು ಶಾಲೆಗಳಲ್ಲಿ ಸಮಾನುಪಾತದ ಪಾಠದೊಳಗೆ, ಓರೆ ಗುಣಾಕಾರದ ಮೂಲಕ ಕಲಿಸುತ್ತಾರೆ. ಮಕ್ಕಳಿಗೆ ಗಣಿತ ಹೇಳಿಕೊಡುವಾಗ ನಾನು ಅದಕ್ಕೂ ಮೊದಲು ಹಳೆಯ ತ್ರೈರಾಶಿಕವನ್ನು ಕಲಿಸುತ್ತೇನೆ; ಏಕೆಂದರೆ ಗುಣಿಸಲು ಕೈಹಾಕುವ ಮುನ್ನ ಪ್ರತಿಯೊಂದು ಸಂಖ್ಯೆಯೂ ಯಾವುದರ ಅಳತೆ ಎಂದು ಅದು ಕೇಳುತ್ತದೆ.

ಆರ್ಯಭಟೀಯದ ಗಣಿತಪಾದದಲ್ಲಿ ಈ ನಿಯಮ ಒಂದೇ ಶ್ಲೋಕದಲ್ಲಿ ಅಡಗಿದೆ: ಫಲವನ್ನು ಇಚ್ಛೆಯಿಂದ ಗುಣಿಸಿ, ಪ್ರಮಾಣದಿಂದ ಭಾಗಿಸಿದರೆ ಇಚ್ಛಾಫಲ ದೊರೆಯುತ್ತದೆ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ತ್ರೈರಾಶಿಕಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು.

6 ಕಿಲೋ ರಾಗಿಗೆ 250 ರೂಪಾಯಿಯಾದರೆ 15 ಕಿಲೋ ರಾಗಿಗೆ ಎಷ್ಟು? ಇಲ್ಲಿ 6 ಪ್ರಮಾಣ, 250 ಫಲ, 15 ಇಚ್ಛೆ. ಪ್ರಮಾಣವೂ ಇಚ್ಛೆಯೂ ಒಂದೇ ಜಾತಿಯವು, ಎರಡೂ ತೂಕ. ಫಲ ಮತ್ತು ನಾವು ಹುಡುಕುತ್ತಿರುವ ಇಚ್ಛಾಫಲ ಇನ್ನೊಂದು ಜಾತಿಯವು, ಎರಡೂ ಹಣ. ಇಷ್ಟನ್ನು ಗುರುತಿಸಿದ ಮಗು ಯಾವುದನ್ನು ಎಲ್ಲಿ ಬರೆಯಬೇಕೆಂದು ತಡವರಿಸುವುದಿಲ್ಲ. 250ನ್ನು 15ರಿಂದ ಗುಣಿಸಿದರೆ 3750, ಅದನ್ನು 6ರಿಂದ ಭಾಗಿಸಿದರೆ 625 ರೂಪಾಯಿ.

ಮೊದಲು ಗುಣಾಕಾರ, ಆಮೇಲೆ ಭಾಗಾಕಾರ ಎಂಬ ಈ ಕ್ರಮ ನನಗೆ ಬಹಳ ಮೆಚ್ಚುಗೆಯಾದದ್ದು. ಒಂದು ಕಿಲೋದ ಬೆಲೆಯನ್ನು ಮೊದಲು ಕಂಡುಹಿಡಿಯಲು ಹೊರಟರೆ 41.666 ಎಂದು ಮುಗಿಯದ ದಶಮಾಂಶ ಬರುತ್ತದೆ, ಅದನ್ನು 41.67 ಎಂದು ಮೊಟಕುಗೊಳಿಸಿ 15ರಿಂದ ಗುಣಿಸಿದರೆ 625.05 ಆಗಿ, ಐದು ಪೈಸೆ ಎಲ್ಲಿಂದಲೋ ಸೇರಿಕೊಳ್ಳುತ್ತದೆ. ಭಾಗಾಕಾರವನ್ನು ಕೊನೆಗೆ ಇಟ್ಟುಕೊಂಡರೆ ಈ ತೊಂದರೆಯೇ ಇಲ್ಲ. ಒಂದರ ಬೆಲೆ ಕಂಡುಕೊಳ್ಳುವ ವಿಧಾನ ಅರ್ಥಮಾಡಿಸಲು ಒಳ್ಳೆಯದೇ, ಆದರೆ ಲೆಕ್ಕ ಮಾಡಲು ಹಳೆಯ ಕ್ರಮವೇ ಮೇಲು.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಇಚ್ಛೆ ಹೆಚ್ಚಿದಂತೆ ಫಲವೂ ಅದೇ ಪಾಲಿನಲ್ಲಿ ಹೆಚ್ಚುತ್ತದೆಯೇ ಎಂದು ಮೊದಲು ವಿಚಾರಿಸಬೇಕು. 8 ಜನ ಒಂದು ಕಾಲುವೆಯನ್ನು 15 ದಿನಗಳಲ್ಲಿ ತೋಡಿದರೆ, ಅದೇ ವೇಗದಲ್ಲಿ ದುಡಿಯುವ 12 ಜನರಿಗೆ ಎಷ್ಟು ದಿನ ಬೇಕು ಎಂಬ ಪ್ರಶ್ನೆಗೆ ಕಣ್ಣುಮುಚ್ಚಿ ಓರೆ ಗುಣಾಕಾರ ಮಾಡಿದ ವಿದ್ಯಾರ್ಥಿಗೆ ಇಪ್ಪತ್ತೆರಡೂವರೆ ದಿನ ಎಂಬ ಉತ್ತರ ಸಿಗುತ್ತದೆ. ಆಳು ಹೆಚ್ಚಿದರೆ ಕೆಲಸ ತಡವಾಗುವುದು ಹೇಗೆ ಎಂದು ಅವನು ಕೇಳಿಕೊಂಡಿರುವುದಿಲ್ಲ. ಇದು ವ್ಯಸ್ತ ತ್ರೈರಾಶಿಕ. ಇಲ್ಲಿ ಪ್ರಮಾಣ ಮತ್ತು ಫಲವನ್ನು ಗುಣಿಸಿ ಇಚ್ಛೆಯಿಂದ ಭಾಗಿಸಬೇಕು: 120ನ್ನು 12ರಿಂದ ಭಾಗಿಸಿದರೆ 10 ದಿನ.

ಈ ಎರಡಕ್ಕೂ ಸೇರದ ಲೆಕ್ಕಗಳನ್ನೂ ನಾನು ಬೇಕೆಂದೇ ನಡುವೆ ಕೊಡುತ್ತೇನೆ. ತಮ್ಮನಿಗೆ 5 ವರ್ಷವಿದ್ದಾಗ ಅಣ್ಣನಿಗೆ 10 ವರ್ಷವಾಗಿದ್ದರೆ, ತಮ್ಮನಿಗೆ 8 ತುಂಬಿದಾಗ ಅಣ್ಣನಿಗೆ 16 ಅಲ್ಲ, 13. ನಿಗದಿತ ಶುಲ್ಕವಿರುವ ವಿದ್ಯುತ್ ಬಿಲ್ಲೂ ಹಾಗೆಯೇ: ಯೂನಿಟ್ಟುಗಳು ಎರಡರಷ್ಟಾದವೆಂದು ಬಿಲ್ಲಿನ ಮೊತ್ತ ಸರಿಯಾಗಿ ಎರಡರಷ್ಟಾಗುವುದಿಲ್ಲ, ಏಕೆಂದರೆ ಬಳಸಿದರೂ ಬಳಸದಿದ್ದರೂ ಕಟ್ಟಬೇಕಾದ ಒಂದು ಭಾಗ ಅದರಲ್ಲಿ ಮೊದಲೇ ಸೇರಿರುತ್ತದೆ. ಅಂಥ ಬಿಲ್ಲಿನಿಂದ ಆ ಶುಲ್ಕವನ್ನು ಕಳೆದು, ಎಲ್ಲ ಯೂನಿಟ್ಟುಗಳಿಗೂ ಒಂದೇ ದರವಿದ್ದರೆ, ಉಳಿದ ಮೊತ್ತಕ್ಕೆ ತ್ರೈರಾಶಿಕವನ್ನು ಧಾರಾಳವಾಗಿ ಹಚ್ಚಬಹುದು.